ಸಾಲಿಲ್ಲದ ಅಡುಗೆ ಲಾರಿ

ಸೈನ್ಯದ ಯೋಜನಾ ಕಚೇರಿಯ ಆ ಗುಮಾಸ್ತೆಗೆ ಹೆತ್ತವರಿಟ್ಟ ಹೆಸರು ಕಡತದಲ್ಲಷ್ಟೇ ಉಳಿದಿತ್ತು. ಎಲ್ಲರ ಬಾಯಲ್ಲೂ ಆಕೆ ಚೌಕದಮ್ಮ. ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ ಆಕೆಗೆ ಕಂಪ್ಯೂಟರಿನ ಚೌಕಗಳ ಮುಂದೆ ಕೂತರೆ ಊಟ, ನಿದ್ದೆ ಏನೂ ಬೇಡ.

ಈ ಸಲದ್ದು ಅಂತಿಂಥ ಕೆಲಸವಲ್ಲ. ಇಡೀ ಸಮರಾಭ್ಯಾಸವನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಕೂರಿಸಿದ್ದಳು. ಎಡಗಡೆ ಒಂದರ ಕೆಳಗೊಂದು ತುಕಡಿಗಳ ಹೆಸರು, ಮೇಲೆ ಉದ್ದಕ್ಕೂ ಗಂಟೆಗಳು. ಯಾವ ತುಕಡಿ ಎಷ್ಟು ಹೊತ್ತಿಗೆ ಎಲ್ಲಿರಬೇಕೆಂಬುದು ಚೌಕದೊಳಗೆ. ಹೊಳೆಗೆ ಇದ್ದದ್ದು ಒಂದೇ ಸೇತುವೆ, ಅದೂ ಇಕ್ಕಟ್ಟು. ಒಂದೇ ಗಂಟೆಗೆ ಎರಡು ತುಕಡಿಗಳು ಅಲ್ಲಿಗೆ ಬಂದರೆ ಚೌಕಗಳು ತಾವಾಗಿಯೇ ಕೆಂಪಾಗುತ್ತಿದ್ದವು. ಮೊದಲ ಸಲ ಹಾಗೆ ಕೆಂಪಾದಾಗ ಆಕೆ ಕುರ್ಚಿಯಲ್ಲೇ ಕುಣಿದಿದ್ದಳು. ಈಗ ಎಲ್ಲ ತಿದ್ದಿ, ಹಾಳೆಯೆಲ್ಲ ಹಸಿರು.

ಅದನ್ನು ಕಂಡರಾಗದವರು ಮೇಜರ್ ಸಾಹೇಬರೊಬ್ಬರೇ. ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚಿ ಚುಚ್ಚಿಯೇ ಅವರ ತಲೆ ನರೆತಿತ್ತು.

“ನೋಡಮ್ಮ, ದೊಡ್ಡ ಸಾಹೇಬ್ರು ಈಗ ಬರ್ತಾರೆ. ಒಂದು ತಪ್ಪು ಸಿಕ್ಕಿದ್ರೂ ನಿನ್ನ ಹಾಳೆ ಕಸದಬುಟ್ಟಿಗೆ, ನನ್ನ ಸೂಜಿ ಗೋಡೆಗೆ.”

“ಸಿಕ್ಕಿದ್ರೆ ತಾನೆ ಸಾರ್!”

ಜಂಬ ಸ್ವಲ್ಪ ಜಾಸ್ತಿಯೇ ಆಯಿತು. ಜೀಪು ಗೇಟಿನೊಳಗೆ ಬರುವುದಕ್ಕೂ ಮೇಜಿನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಅಮ್ಮ.

“ಊಟ ಆಯ್ತೇನೇ?”

“ಅಮ್ಮಾ, ಇಲ್ಲಿ ಸಾವಿರಾರು ಜನಾನ ಹೊಳೆ ದಾಟಿಸ್ತಿದ್ದೀನಿ, ನಿಂಗೆ ಊಟದ ಚಿಂತೆ!”

“ದಾಟಿಸು, ಯಾರು ಬೇಡ ಅಂದ್ರು? ಅವ್ರದ್ದಾದ್ರೂ ಊಟ ಆಯ್ತಾ?”

ಚೌಕದಮ್ಮ ಹಾಳೆಯ ಎಡಗಡೆಯ ಹೆಸರುಗಳ ಮೇಲೆ ಕಣ್ಣಾಡಿಸಿದಳು. ಟ್ಯಾಂಕಿಗೆ ಸಾಲಿತ್ತು, ಫಿರಂಗಿಗೆ ಸಾಲಿತ್ತು, ಆಂಬುಲೆನ್ಸಿಗೂ ಇತ್ತು. ಅಡುಗೆ ಲಾರಿಗಳಿಗೆ ಸಾಲೇ ಇರಲಿಲ್ಲ!

ರಿಸೀವರನ್ನು ಮೇಜಿನ ಮೇಲೆ ಹಾಗೇ ಎಸೆದು ಹೊಸ ಸಾಲು ತೂರಿಸಿದಳು. ಲಾರಿಗಳು ಹೊರಡುವುದು ಮಧ್ಯಾಹ್ನ. ‘ಸೇತುವೆ’ ಎಂದು ಒತ್ತಿದ್ದೇ ತಡ, ಕೆಂಪು! ಅದೇ ಗಂಟೆಗೆ ಅಲ್ಲಿ ಟ್ಯಾಂಕುಗಳು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಲಾರಿಗಳನ್ನು ಹಿಂದಕ್ಕೆ ತಳ್ಳಿದರೆ ಫಿರಂಗಿಗೆ ಡಿಕ್ಕಿ, ಮತ್ತೆ ಕೆಂಪು. ಬಾಗಿಲಲ್ಲಿ ಸೆಲ್ಯೂಟಿನ ಸಪ್ಪಳ. ಆದದ್ದಾಗಲಿ ಎಂದು ಲಾರಿಗಳನ್ನು ಎಲ್ಲರಿಗಿಂತ ಮುಂದೆ, ಬೆಳಗಿನ ಮೊದಲ ಗಂಟೆಗೆ ಹಾಕಿದಳು. ಹಾಳೆ ಹಸಿರಾಯಿತು.

ದೊಡ್ಡ ಸಾಹೇಬರ ಬೆರಳು ಆ ಸಾಲಿನ ಮೇಲೇ ನಿಂತಿತು. “ಟ್ಯಾಂಕಿಗಿಂತ ಮೊದ್ಲು ಅಡುಗೆ ಲಾರಿನಾ? ಯಾರ ಯೋಚನೆ ಇದು?”

ಮೇಜರ್ ಸಾಹೇಬರು ಮೆಲ್ಲಗೆ ಸೂಜಿಡಬ್ಬಿಯ ಮುಚ್ಚಳ ತೆರೆದರು.

“ದಾಟಿದವ್ರಿಗೆ ಆಚೆ ದಡದಲ್ಲಿ ಊಟ ರೆಡಿ ಇರುತ್ತೆ ಸಾರ್. ಯೋಚನೆ... ನಮ್ಮಮ್ಮಂದು.”

“ಅವ್ರು ಯಾವ ತುಕಡಿ?”

ಅಮ್ಮನ ಗಂಟಲೋ, ಫೋನಿಲ್ಲದಿದ್ದರೂ ಊರಾಚೆಗೆ ಕೇಳುವಂಥದ್ದು. ಮೇಜಿನ ಮೇಲಿನ ರಿಸೀವರಿನಿಂದಲೇ ಬಂತು: “ಯಾರೇ ಅದು ಮಾತಾಡ್ತಿರೋದು? ಪಾಪ, ಅವ್ರದ್ದು ಊಟ ಆಯ್ತಾ ಕೇಳೇ!”

ದೊಡ್ಡ ಸಾಹೇಬರು ಟೊಪ್ಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ರಿಸೀವರಿನತ್ತ ಬಗ್ಗಿದರು.

“ಇನ್ನೂ ಇಲ್ಲಮ್ಮ,” ಎಂದರು. ಆಮೇಲೆ ಮೇಜರ್ ಕಡೆ ತಿರುಗಿ, “ಈ ಹಾಳೆ ಪ್ರಕಾರಾನೇ ಹೊರಡಲಿ.”

ಸೂಜಿಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು.