ಹನ್ನೊಂದು ಗಂಟೆಯ ನೀರು

ಬಡಗಿಗಳಲ್ಲಿ ಬಾಗಿಲು ಮಾಡುವವರಿದ್ದಾರೆ, ಮಂಚ ಮಾಡುವವರಿದ್ದಾರೆ. ಪೆಟ್ಟಿಗೆ ಮಾವ ಮಾಡುತ್ತಿದ್ದುದು ವಿಮಾನದಲ್ಲಿ ಹೋಗುವ ನಾಯಿ, ಬೆಕ್ಕುಗಳಿಗೆ ಮರದ ಪೆಟ್ಟಿಗೆ. ಇಡೀ ಬೀದಿಗೆ ಅವರು ಮಾವನೇ. ತಾವಂತೂ ವಿಮಾನ ಹತ್ತಿದವರಲ್ಲ. ಆದರೆ ಪೆಟ್ಟಿಗೆ ಹೊರಟ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ. ತಲುಪಿದ ಸುದ್ದಿ ಬರುವವರೆಗೆ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಟ. "ನನ್ನ ಹೆರಿಗೆ ದಿನಾನೂ ಈ ಮನುಷ್ಯ ಇಷ್ಟು ಒದ್ದಾಡ್ಲಿಲ್ಲ," ಎಂದು ಅವರ ಹೆಂಡತಿ ಎಲ್ಲರೆದುರೂ ಹೇಳುತ್ತಿದ್ದರು.

ಈ ಸಲದ್ದು ನರ್ಸಮ್ಮನ ಮುದಿ ನಾಯಿ. ಕೊನೆಮನೆಯ ನರ್ಸಮ್ಮನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿ, ಆಕೆ ಮೊದಲೇ ಹೋಗಿದ್ದಳು. ನಾಯಿಗೆ ಕಿಡ್ನಿ ಸರಿಯಿರಲಿಲ್ಲ. "ನೀರೊಂದು ತಪ್ಪಬಾರದು ಮಾವ," ಎಂದು ಹೇಳಿಯೇ ಹೊರಟಿದ್ದಳು.

ಮಾವ ಸೊಸೆಯನ್ನು ಕರೆದರು. "ಆ ಊರು ಎಷ್ಟು ದೂರ ನೋಡಮ್ಮ."

ಸೊಸೆ ಫೋನ್ ಒತ್ತಿದಳು. "ಒಂಬತ್ತು ಸಾವಿರ ಕಿಲೋಮೀಟರ್ ಮಾವ. ವಿಮಾನದಲ್ಲಿ ಹನ್ನೊಂದು ಗಂಟೆ."

ಅದಕ್ಕಿಂತ ದೂರದ ದಾರಿಯಾದರೆ ಮಾವ ಹೊರಗಿನಿಂದ ನೀರು ಸುರಿಯಲು ಒಂದು ಕೊಳವೆ ಕೂರಿಸುತ್ತಿದ್ದರು. ಹನ್ನೊಂದು ಗಂಟೆಗೆ ಒಂದು ದೊಡ್ಡ ಬಟ್ಟಲು ಧಾರಾಳ ಎಂದುಕೊಂಡು ಕೊಳವೆ ಕೈಬಿಟ್ಟರು. ಮೂತಿಯಿಂದ ಬಾಗಿಲು ತಳ್ಳುವ ಚಾಳಿಯ ನಾಯಿ ಅದು. ಚಿಲಕದ ಮೇಲೆ ನಾಲ್ಕು ಸ್ಕ್ರೂ ಬೇರೆ ಬಿಗಿದರು.

ನಾಯಿಯಿದ್ದ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಒಪ್ಪಿಸಿ ಮಧ್ಯಾಹ್ನ ವಾಪಸು ಬಂದ ವ್ಯಾನ್ ಡ್ರೈವರ್ ಹೇಳಿದ: "ನಡುವೆ ಒಂದೂರಲ್ಲಿ ಇಳಿಸಿ ಬೇರೆ ವಿಮಾನಕ್ಕೆ ಹಾಕ್ತಾರಂತೆ ಮಾವ. ಅಲ್ಲೇ ಒಂಬತ್ತು ಗಂಟೆ ಕಾಯ್ಬೇಕಂತೆ."

ಮಾವ ಹಣೆ ಚಚ್ಚಿಕೊಂಡರು. ಟಿಕೆಟ್ ಮಾಡಿಸಿದ್ದು ನರ್ಸಮ್ಮ. ಯಾವ ದಾರಿ ಎಂದು ಆಕೆಯನ್ನು ಒಂದು ಮಾತು ಕೇಳದೆ ನೇರ ದಾರಿಯ ಲೆಕ್ಕ ಹಿಡಿದು ಕೂತಿದ್ದವರು ಇವರು!

"ನಾನು ಸರಿಯಾಗೇ ನೋಡಿದ್ದೆ..." ಎಂದು ಸೊಸೆ ತಡವರಿಸಿದಳು.

"ನಿಂದೇನಿದೆಯಮ್ಮ. ನಾನು ಕೇಳಿದ್ದೇ ಅರ್ಧ."

ಫೋನ್ ಕೈಗೆತ್ತಿಕೊಂಡರು, ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಹೇಳದಿದ್ದರೆ ನಾಯಿ ಉಳಿಯುವುದಿಲ್ಲ, ಹೇಳಿದರೆ ಮಾನ ಉಳಿಯುವುದಿಲ್ಲ. ಕೊನೆಗೆ ನರ್ಸಮ್ಮನಿಗೆ ಒಂದೇ ಉಸಿರಿಗೆ ಹೇಳಿಬಿಟ್ಟರು: ಬಟ್ಟಲು ಸಾಲುವುದಿಲ್ಲ, ಕೊಳವೆಯಿಲ್ಲ, ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ, ತಪ್ಪು ತನ್ನದೇ.

ಆ ಕಡೆಯಿಂದ "ನೀರು ತಪ್ಪಬಾರದು ಅಂತ ಅಷ್ಟು ಹೇಳಿದ್ನಲ್ಲ ಮಾವ," ಎಂದಷ್ಟೇ ಕೇಳಿಸಿತು. ಫೋನ್ ಕಟ್ಟಾಯಿತು.

ಆಮೇಲೆ ಎಷ್ಟು ಸಲ ಮಾಡಿದರೂ ಆ ಫೋನ್ ಬಿಜಿ. ಮಾವ ಉಳಿ ಮುಟ್ಟಲಿಲ್ಲ. ನೀರಿನ ಲೋಟ ಬಾಯಿಯ ತನಕ ತಂದು ಕುಡಿಯದೆ ಇಟ್ಟರು. "ನೀವು ಬಾಯಾರಿ ಕೂತ್ರೆ ಅದಕ್ಕೆ ನೀರು ಹೋಗುತ್ತಾ?" ಎಂದು ಹೆಂಡತಿ ಗದರಿದರು; ಆದರೆ ಅವತ್ತು ಅವರಿಗೂ ತಮಾಷೆ ಹೊಳೆಯಲಿಲ್ಲ.

ಮರುದಿನ ಫೋನ್ ಬಂತು. ಮಾವನಿಗೆ ತೆಗೆಯುವ ಧೈರ್ಯವಿಲ್ಲದೆ ಸೊಸೆಯೇ ತೆಗೆದು ಅವರ ಕಿವಿಗೆ ಹಿಡಿದಳು.

"ಬಂದ ಮಾವ. ಬಾಲ ಅಲ್ಲಾಡಿಸ್ತಿದಾನೆ," ಎಂದಳು ನರ್ಸಮ್ಮ. "ಆ ನಡುವಿನ ಊರಿನ ಆಫೀಸಿಗೆ ಬಿಡದೆ ಫೋನ್ ಮಾಡಿದೆ. ಕೊನೆಗೆ ಯಾರೋ ಪುಣ್ಯಾತ್ಮ ಸ್ಕ್ರೂ ಬಿಚ್ಚೋಕೆ ಬರ್ದೆ ಬಾಗಿಲನ್ನೇ ಒಡೆದು ನೀರು ಕುಡಿಸಿದಾನೆ. ಹಗ್ಗ ಸುತ್ತಿ ಕಳ್ಸಿದಾರೆ. ನಿಮ್ಮ ಪೆಟ್ಟಿಗೆ ಪೂರ್ತಿ ಹಾಳಾಯ್ತು ಮಾವ."

"ಹಾಳಾಗ್ಲಿ ತಾಯಿ, ಹಾಳಾಗ್ಲಿ!" ಮಾವ ಮರದ ಹೊಟ್ಟಿನ ಮೇಲೇ ಕುಸಿದು ಕೂತು ಗೊಳೋ ಎಂದು ಅತ್ತರು. "ಒಡೆದವನ ಹೊಟ್ಟೆ ತಣ್ಣಗಿರ್ಲಿ!"