ಅಜ್ಜಿ ಬಾಯಿ ಕಟ್ಟಿದ ಹೂಜಿ

ಆ ನೀರು ಕುಡಿದವಳು ನಾನು, ರೆಜಿನಾ. ನೀನಲ್ಲ. ಇದು ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವರ ಮುಂದೆ ಇವತ್ತಿನವರೆಗೂ ನಾನು ಇದನ್ನು ಪೂರ್ತಿ ಬಾಯಿ ಬಿಟ್ಟಿಲ್ಲ.

ಈಗ ಯಾಕೆ ಅಂತೀಯಾ? ಇಲ್ಲಿ ನಾಗಪುರದಲ್ಲಿ ಇವತ್ತು ಈಸ್ಟರ್, ನನ್ನ ಮಗಳ ಮೊದಲ ಪರಮಪ್ರಸಾದ. ಬೆಳಿಗ್ಗೆ ಬಿಳಿ ಫ್ರಾಕು ತೊಟ್ಟವಳೇ ಅಡುಗೆಮನೆಗೆ ಹೋಗಿ ಗಟಗಟನೆ ನೀರು ಕುಡಿದಳು. ಲೋಟ ಕಿತ್ತುಕೊಳ್ಳಲು ಕೈ ಚಾಚಿದೆ. "ನೀರು ಕುಡಿದ್ರೆ ಏನೂ ಆಗಲ್ವಂತೆ ಅಮ್ಮ, ಫಾದರ್ ಹೇಳಿದಾರೆ" ಅಂದಳು. ನಿಜ, ಆ ಕಟ್ಟಳೆ ಸಡಿಲವಾಗಿ ವರ್ಷಗಳೇ ಆದವು. ನಮ್ಮ ಕಾಲದಲ್ಲಿ ನಡುರಾತ್ರಿ ಕಳೆದರೆ, ಪ್ರಸಾದ ಸ್ವೀಕರಿಸುವವರೆಗೆ ಒಂದು ಹನಿಯೂ ನಾಲಗೆಗೆ ತಾಗುವಂತಿರಲಿಲ್ಲ.

ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆ ನಿನಗೆ ನೆನಪಿದೆಯಲ್ಲ — ಸ್ವಾತಂತ್ರ್ಯ ಬಂದ ಮರುವರ್ಷ. ನಿಮ್ಮೂರಿಗೆ ಪಾದ್ರಿಗಳು ಬರುವುದೇ ಅಪರೂಪ ಅಂತ ನಿನ್ನಪ್ಪ, ನನ್ನ ಚಿಕ್ಕಪ್ಪ, ನಿನ್ನನ್ನು ಕೊಳ್ಳೇಗಾಲದ ಕಡೆಯಿಂದ ಕರೆತಂದು, ಜಪ ಕಲಿತು ಈಸ್ಟರಿಗೆ ನನ್ನ ಜೊತೆಗೇ ಮೊದಲ ಪ್ರಸಾದ ಸ್ವೀಕರಿಸಲಿ ಎಂದು ನಮ್ಮಲ್ಲಿ ಬಿಟ್ಟಿದ್ದರು. ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲ ಪೂರ್ತಿ ಅಜ್ಜಿ ಈರುಳ್ಳಿ ಸಿಪ್ಪೆ ಕೂಡಿಡುತ್ತಿದ್ದರು, ಹಬ್ಬದ ಮೊಟ್ಟೆಗಳನ್ನು ಅದರಲ್ಲಿ ಬೇಯಿಸಿ ಕೆಂಪು ಮಾಡಲು. ಇಡೀ ಮನೆ ಈರುಳ್ಳಿ ವಾಸನೆ. ನೀನು ಮಾತ್ರ ಸಂಜೆಯಾದರೆ ಜಗಲಿಯಲ್ಲಿ ಕೂತು ಅಳುತ್ತಿದ್ದೆ. ಹಬ್ಬಕ್ಕೆ ಊರಿನಿಂದ ದೂರ ಇರುವುದೆಂದರೆ ಏನೆಂದು ನನಗೆ ಆಗ ತಿಳಿಯಲಿಲ್ಲ, ರೆಜಿನಾ. ಈಗ ತಿಳಿಯುತ್ತದೆ.

ಆದರೂ ಜಪಗಳನ್ನು ನೀನು ನನಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದೆ. ಅಪ್ಪ ಎಲ್ಲರೆದುರು ಹೇಳುತ್ತಿದ್ದರು — ಹಳ್ಳಿ ಹುಡುಗಿಯನ್ನು ನೋಡಿ ಕಲಿ ಅಂತ.

ಶನಿವಾರ ಮಲಗುವ ಮುಂಚೆ ಅಜ್ಜಿ ಹೂಜಿಯ ಬಾಯಿಗೆ ಬಟ್ಟೆ ಕಟ್ಟಿದರು. ಯಾರಾದರೂ ಮರೆತು ನೀರು ಕುಡಿದಾರು ಎಂದು ಪ್ರತಿ ಹಬ್ಬಕ್ಕೂ ಕಟ್ಟುತ್ತಿದ್ದರು. ನಾನೇನೂ ಮರೆತು ಕುಡಿಯಲಿಲ್ಲ. ಬೆಳಗಿನ ಜಾವ ಅಜ್ಜಿ ಹಂಡೆ ಒಲೆ ಉರಿಸಲು ಹಿತ್ತಲಿಗೆ ಹೋದಾಗ ಎದ್ದೆ. ಬೇಸಿಗೆಯ ಸೆಕೆ, ಗಂಟಲು ಒಣಗಿತ್ತು. ಗಂಟು ಬಿಚ್ಚಿದೆ, ಕುಡಿದೆ. ಮತ್ತೆ ಕಟ್ಟಲು ಬರಲಿಲ್ಲ.

ನಾವಿಬ್ಬರೂ ಬಿಳಿ ಫ್ರಾಕು, ಮುಸುಕು ತೊಟ್ಟು ನಿಂತಿದ್ದೆವು. ಹಿಂದಿನ ದಿನವೇ ಬಂದಿದ್ದ ಚಿಕ್ಕಪ್ಪ ನಿನ್ನ ಮುಸುಕನ್ನು ಸರಿಮಾಡುತ್ತಿದ್ದರು. ಬಾಗಿಲಲ್ಲಿ ಜಟಕಾ ಕಾಯುತ್ತಿತ್ತು. ಅಜ್ಜಿ ಹೂಜಿಯ ಬಟ್ಟೆ ಹಿಡಿದು ಬಂದರು.

"ಯಾರ್ರೇ ಇದನ್ನ ಬಿಚ್ಚಿದ್ದು?"

"ರೆಜಿನಾ ಕುಡಿದ್ಲು ಅಜ್ಜಿ. ನಾನು ನೋಡ್ದೆ."

ಅಷ್ಟೇ. ಹೆದರಿಕೆಯಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿದ ಮಕ್ಕಳು ಸುಮ್ಮನಿರುತ್ತಾರೆ — "ನಾನು ನೋಡ್ದೆ" ಅಂತ ಸೇರಿಸುವುದಿಲ್ಲ. ಅದು ಹೊಟ್ಟೆಕಿಚ್ಚಿನ ಮಾತು.

ನೀನು "ಇಲ್ಲ ಅಜ್ಜಿ" ಅಂದೆ, ಒಂದೇ ಸಲ. ಆಮೇಲೆ ಚಿಕ್ಕಪ್ಪ ನಿನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಕುಡ್ದಿದ್ರೆ ಕುಡ್ದೆ ಅನ್ನು ಮಗ. ಸುಳ್ಳು ಮಾತ್ರ ಹೇಳ್ಬ್ಯಾಡ."

ನೀನು ಅವರ ಮುಖ ನೋಡಿದೆ. ಅವರೇ ಮುಸುಕಿನ ಪಿನ್ನು ತೆಗೆದು, ಮುಸುಕನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಚರ್ಚಿನಲ್ಲಿ ಗಂಟೆಗಳು ಮೊಳಗುತ್ತಿದ್ದವು. ನಾನು ಮುಂದೆ ಹೋಗಿ ಮಂಡಿಯೂರಿ ನಾಲಗೆ ಚಾಚಿದೆ. ನೀನು ಹಿಂದಿನ ಬೆಂಚಿನಲ್ಲಿ ಚಿಕ್ಕಪ್ಪನ ಪಕ್ಕ ಬರಿದಲೆಯಲ್ಲಿ ಕೂತಿದ್ದೆ. ಮನೆಗೆ ಬಂದ ಮೇಲೆ ಕೆಂಪು ಮೊಟ್ಟೆ ಸುಲಿಯುತ್ತಾ ಮೆಲ್ಲಗೆ ಕೇಳಿದೆ — ಕೋಪವಿಲ್ಲದೆ, ನಿಜಕ್ಕೂ ತಿಳಿಯುವ ಆಸೆಯಿಂದ —

"ಎಂಗಿತ್ತಕ್ಕಾ, ಪ್ರಸಾದ?"

"ಏನೂ ರುಚಿ ಇರಲಿಲ್ಲ" ಅಂದೆ. ಆ ದಿನ ನಾನು ಆಡಿದ ನಿಜ ಅದೊಂದೇ.

ಸಂಜೆಯ ಬಸ್ಸಿಗೆ ನಿನ್ನನ್ನು ಊರಿಗೆ ಕರೆದೊಯ್ದರು. ಮುಂದೆ ನಿಮ್ಮೂರಿಗೆ ಪಾದ್ರಿಗಳು ಬಂದು ನಿನಗೆ ಪ್ರಸಾದ ಕೊಡುವ ಹೊತ್ತಿಗೆ ಆ ಫ್ರಾಕು ಗಿಡ್ಡವಾಗಿತ್ತಂತೆ. ನಾನು ಪಾಪನಿವೇದನೆಯಲ್ಲಿ ನೀರಿನ ವಿಷಯ ಹೇಳಿದೆ. ನಿನ್ನ ವಿಷಯ ಹೇಳಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ, ಆಮೇಲೆ — ದೊಡ್ಡವರಾದ ಮೇಲೆ ಇದು ಸಣ್ಣ ವಿಷಯ ಅಂದುಕೊಂಡೆ. ನೀನು ನನ್ನ ಮದುವೆಗೆ ಬಂದೆ, ಹೂ ಮುಡಿಸಿದೆ, ಆಗಲೂ ಹೇಳಲಿಲ್ಲ.

ಕಟ್ಟಳೆ ಬದಲಾದದ್ದರಿಂದ ನೀರಿನ ತಪ್ಪು ಈಗ ತಪ್ಪೇ ಅಲ್ಲ. ಉಳಿದದ್ದು ನಿನ್ನಪ್ಪನೆದುರು ನೀನು ಸುಳ್ಳಿಯಾಗಿ ನಿಂತದ್ದು. ಅದನ್ನು ಸಡಿಲಿಸುವ ಕಟ್ಟಳೆ ಇಲ್ಲ.

ಮೇ ತಿಂಗಳಲ್ಲಿ ಬರುತ್ತೇನೆ. ಮೈಸೂರಿನಲ್ಲಿ ಇಳಿದು ನೇರ ನಿಮ್ಮೂರ ಬಸ್ಸು ಹತ್ತುತ್ತೇನೆ. ನಿನ್ನ ಕ್ಷಮೆ ಕೇಳುವುದು ಆಮೇಲಿನ ಮಾತು, ಕೊಡುವುದು ಬಿಡುವುದು ನಿನ್ನಿಷ್ಟ. ಮೊದಲು ಚಿಕ್ಕಪ್ಪನ ಮುಂದೆ ನಿಂತು, ಅವರಿಗೆ ಈಗ ಕಿವಿ ಮಂದವೆಂದು ಕೇಳಿದ್ದೇನೆ, ಬೀದಿಗೆ ಕೇಳಿಸಿದರೂ ಸರಿ, ಗಟ್ಟಿಯಾಗಿ ಹೇಳುತ್ತೇನೆ: ನಿಮ್ಮ ಮಗಳು ಅವತ್ತು ನಿಜ ಹೇಳಿದ್ದಳು.