ದೇವರಿಗೆ ಕೆಮ್ಮು ಬರುವುದಿಲ್ಲ

ನನ್ನ ಚಿಕ್ಕಪ್ಪ ರಿಪೇರಿ ಮಾಡಿದ ಮೋಟಾರು ಮತ್ತೆ ಕೆಡುತ್ತಿರಲಿಲ್ಲ. ಅವನ ಹೆಸರಿಗೂ ತೊಂದರೆಗೂ ಅದೇ ಕಾರಣ. ಅಂಗಡಿಯ ಎದುರಿನ ಟೈಲರಕ್ಕನ ಹೊಲಿಗೆ ಯಂತ್ರವನ್ನೂ ಹಾಗೆಯೇ ಗಟ್ಟಿಯಾಗಿ ಸರಿಮಾಡಿಕೊಟ್ಟ. ಮತ್ತೆ ಅವಳು ಇತ್ತ ಸುಳಿಯಬೇಕಾದ ಅಗತ್ಯವೇ ಬೀಳಲಿಲ್ಲ. ತಲೆಯಲ್ಲಿ ನರೆ ಇಣುಕುವ ವಯಸ್ಸಿನ ಚಿಕ್ಕಪ್ಪ ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಅವಳ ಬಾಗಿಲು ನೋಡುತ್ತ ಕೂರುತ್ತಿದ್ದ.

ಇದು ಅಜ್ಜಿಯ ಕಣ್ಣಿಗೂ ಬಿತ್ತು.

"ಅವಳನ್ನ ಮದುವೆ ಆಗೋ ಆಸೆ ಇದೆಯೇನೋ?"

"ಇದೆಯಮ್ಮ. ಕೇಳೋಕೆ ಬಾಯಿ ಬರಲ್ಲ."

"ಕೇಳೋದ್ಯಾಕೆ? ತಲೆ ಓಡ್ಸು. ಎಣ್ಣೆ ಹಾಕ್ಕೊಡ್ತೀನಿ ಅಂತ ಹೋಗಿ ಒಂದು ಸ್ಕ್ರೂ ಸಡಿಲ ಬಿಟ್ಟು ಬಾ. ತಾನಾಗೇ ಕರೀತಾಳೆ."

ಅಜ್ಜಿಯ ತಲೆ ಓಡತೊಡಗಿದರೆ ಮನೆಯವರೆಲ್ಲ ಅದರ ಹಿಂದೆ ಓಡಬೇಕಿತ್ತು. ಚಿಕ್ಕಪ್ಪನೂ ಓಡಿದ. ಯಂತ್ರ ನಿಂತಿತು, ಟೈಲರಕ್ಕ ಕರೆದಳು, ಚಹಾ ಕೊಟ್ಟಳು. ಅವನು ಹಿಗ್ಗಿ, ಸ್ಕ್ರೂವನ್ನು ಮತ್ತೆ ಅರ್ಧವೇ ತಿರುಗಿಸಿ ಬಂದ. ಈ ಸಲ ಯಾರದೋ ಮದುವೆಯ ಕೋಟಿನ ಕಾಲರ್ ಅರ್ಧ ಹೊಲಿದಿದ್ದಾಗ ಯಂತ್ರ ನಿಂತಿತು. ಟೈಲರಕ್ಕ ಅದನ್ನು ಆಟೋದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಬಳಿಯ ಇನ್ನೊಬ್ಬ ರಿಪೇರಿಯವನ ಹತ್ತಿರ ಹೊರಟಳು. ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸಿದ್ದಳು.

"ಬಿಡು, ಇನ್ನೊಂದು ಉಪಾಯ ಇದೆ" ಎಂದಳು ಅಜ್ಜಿ.

"ಸಾಕಮ್ಮ. ಇನ್ನು ದೇವರನ್ನೇ ಕೇಳ್ತೀನಿ."

"ದೇವರಿಗೆ ಮೋಟಾರಿನ ವಿಷಯ ಏನೋ ಗೊತ್ತು?"

ಚಿಕ್ಕಪ್ಪ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಅಜ್ಜಿ ಬಾಗಿಲಿಗೆ ಕಿವಿ ಹಚ್ಚಿದಳು.

"ಏನಂದ?"

"ಇನ್ನೂ ಏನೂ ಅಂದಿಲ್ಲ."

"ಗೊಣಗಬೇಡ, ಗಟ್ಟಿಯಾಗಿ ಕೇಳು!"

ಸ್ವಲ್ಪ ಹೊತ್ತಿಗೆ ಅವಳ ತಾಳ್ಮೆ ಮುಗಿಯಿತು. ಹಿತ್ತಲಿಗೆ ಹೋಗಿ ಬಕೆಟ್ ಬೋರಲು ಹಾಕಿ ಹತ್ತಿದಳು. ಬೀಳದಂತೆ ನಾನು ಹಿಡಿದುಕೊಂಡೆ. ಅವಳು ಆ ಕೋಣೆಯ ಕಿಟಕಿಗೆ ಬಾಯಿಟ್ಟು ದಪ್ಪ ದನಿಯಲ್ಲಿ ಶುರು ಮಾಡಿದಳು: "ಮಗನೇ! ನಿನ್ನ ತಾಯಿ ಹೇಳಿದ ಹಾಗೆ..." ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು.

"ಅಮ್ಮ, ದೇವರಿಗೆ ಕೆಮ್ಮು ಬರಲ್ಲ. ಬಕೆಟ್ ಒಡೆಯುತ್ತೆ, ಇಳಿ" ಎಂದಿತು ಒಳಗಿನ ದನಿ.

ಅವನು ಬಾಗಿಲು ತೆರೆದು ಹೊರಬಂದ.

"ದಾರಿ ತೋರ್ಸು ಅಂದೆ. ಎಷ್ಟು ಕೇಳಿದ್ರೂ ಆ ಅರ್ಧ ಹೊಲಿದ ಕಾಲರ್ರೇ ಕಣ್ಮುಂದೆ ಬರುತ್ತೆ. ಹೋಗಿ ನಿಜ ಹೇಳ್ಬೇಕು."

"ಇದು ದೇವರ ಮಾತೋ, ನಿನ್ನ ಹುಚ್ಚೋ?"

"ನನ್ನ ತಲೆಗೆ ಇಷ್ಟು ಕಷ್ಟದ ಕೆಲಸ ಹೊಳೆಯಲ್ಲಮ್ಮ."

ಜೊತೆಗೆ ನನ್ನನ್ನೂ ಕರೆದುಕೊಂಡು ಹೋದ. ಟೈಲರಕ್ಕ ಶರ್ಟಿನ ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದಳು. ಚಿಕ್ಕಪ್ಪ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ, ನಿಜ ಹೇಳು ಎಂದು ದೇವರು ಅಂದದ್ದನ್ನೂ ಸೇರಿಸಿ. ಅಮ್ಮ ಹೇಳಿಕೊಟ್ಟಳು ಎಂದು ಮಾತ್ರ ಹೇಳಲಿಲ್ಲ.

ಟೈಲರಕ್ಕ ಸೂಜಿ ಕೆಳಗಿಟ್ಟಳು. "ಆ ಕಾಲರ್ ಕೈಯಲ್ಲೇ ಹೊಲಿದೆ ನಾನು. ಬೆರಳೆಲ್ಲ ತೂತಾಯ್ತು. ಯಾಕ್ರೀ ಹಾಗೆ ಮಾಡಿದ್ರಿ?"

"ನಿಮ್ಮನ್ನ ನೋಡೋಕೆ."

"ನೋಡೋಕೆ ಬಾಗಿಲಿರ್ಲಿಲ್ವಾ?"

ಅವನು ಬಾಗಿಲನ್ನು ಒಮ್ಮೆ ನೋಡಿದ, ಅದು ಈಗಷ್ಟೇ ಅಲ್ಲಿ ಬಂದಿದೆ ಎಂಬಂತೆ. ಆಮೇಲೆ ಮದುವೆಯ ಮಾತನ್ನೂ ನೇರವಾಗಿ ಕೇಳಿಬಿಟ್ಟ.

"ಇದನ್ನೂ ದೇವರೇ ಹೇಳಿದ್ನಾ?"

"ಇಲ್ಲ. ನಿಜ ಹೇಳು ಅಂದ. ಇದೂ ನಿಜವೇ ಅಲ್ವಾ, ಜೊತೆಗೆ ಬಂದುಬಿಡ್ತು."

"ಹಾಗಾದ್ರೆ ನಾನೂ ಅವನನ್ನೇ ಕೇಳ್ತೀನಿ. ನೀವು ಹೊರಡಿ" ಎಂದು ಟೈಲರಕ್ಕ ಸೂಜಿ ಎತ್ತಿಕೊಂಡಳು.

ಚಿಕ್ಕಪ್ಪ ಕಾದ. ಅಜ್ಜಿಯೂ ಹಲ್ಲು ಕಚ್ಚಿ, ಯಾವ ಉಪಾಯವನ್ನೂ ಹೂಡದೆ ಕಾದಳು. ಒಂದು ಸಂಜೆ ಟೈಲರಕ್ಕ ತಾನೇ ನಮ್ಮ ಮನೆಗೆ ಬಂದಳು. ಅಜ್ಜಿ ಹೊಸ್ತಿಲಲ್ಲೇ ತಡೆದಳು.

"ದೇವರು ಏನಂದ?"

"ಮಗ ಪರವಾಗಿಲ್ಲ, ಆಗು ಅಂದ."

"ನನ್ನ ವಿಷಯ?"

"ನಿಮ್ಮ ವಿಷಯ ಕೇಳಿದ್ದಕ್ಕೆ ಮಾತೇ ಆಡ್ಲಿಲ್ಲಮ್ಮ. ಯೋಚನೆ ಮಾಡ್ತಿದ್ದಾನೆ ಅನ್ಸುತ್ತೆ."

ಅಜ್ಜಿ ಹೊಸ್ತಿಲು ಬಿಟ್ಟು ಒಳಗೆ ಸರಿದಳು. ಕುರ್ಚಿಯ ಮೇಲೆ ಒಣಗಿದ ಬಟ್ಟೆಯ ರಾಶಿ ಇತ್ತು. ಅದನ್ನೆಲ್ಲ ಬಾಚಿ ಮಡಿಲಿಗೆ ತುಂಬಿಕೊಂಡು, "ಕೂತ್ಕೋ" ಎಂದಳು.